ಅರವತ್ತನಾಲ್ಕನೆಯ ಸದ್ದು

ರಾತ್ರಿ ಹತ್ತೂವರೆಯ ಮೇಲೆ ಎರಡು ನಿಮಿಷ ಕಳೆದಾಗ ಅಡುಗೆಮನೆಯ ಕಟ್ಟೆಯ ಮೇಲಿದ್ದ ವಾಕಿಟಾಕಿ ಕೊನೆಯ ಸಲ ಸದ್ದು ಮಾಡಿತು. ಟಿಕ್. ಬೆರಳಿನ ನೆಟಿಕೆ ಮುರಿದಷ್ಟು ಸಣ್ಣ ಸದ್ದು. ಅವಳು ನೋಟ್‌ಬುಕ್ಕಿನಲ್ಲಿ ಕೊನೆಯ ಗೀಟು ಎಳೆದು, ಐದೈದರ ಕಟ್ಟುಗಳನ್ನು ಕೂಡಿಸಿದಳು. ಅರವತ್ತನಾಲ್ಕು. ಇರಬೇಕಾದದ್ದು ಅರವತ್ತಮೂರು.

ಪೆನ್ಸಿಲ್ ತುದಿಯಿಂದ ಒಂದೊಂದೇ ಗೀಟನ್ನು ಮುಟ್ಟುತ್ತ ಮತ್ತೊಮ್ಮೆ ಎಣಿಸಿದಳು. ಅರವತ್ತನಾಲ್ಕೇ.

ಒಳಕೋಣೆಯಿಂದ ಗಂಡ, ಒಂದು ಕಡಿಮೆ ಬಂತಾ ಎಂದು ಕೇಳಿದ. ಜಾಸ್ತಿ ಬಂದಿದೆ ಎಂದಳು. ಅವನು ಬಸ್ ಡಿಪೋದಲ್ಲಿ ವೇಳಾಪಟ್ಟಿ ನೋಡಿಕೊಳ್ಳುವವನು. ದಿನವೂ ಯಾವುದಾದರೂ ಬಸ್ಸು ಬರಲಿಲ್ಲವೆಂಬ ದೂರು ಕೇಳಿಯೇ ತಲೆ ನರೆಸಿಕೊಂಡವನು.

"ನನ್ನ ಡಿಪೋಗೆ ಸಂಜೆ ಒಂದು ಬಸ್ಸು ಜಾಸ್ತಿ ಬಂದು ನಿಂತರೆ ನಾನು ಎದ್ದು ಕೂರಲ್ಲ ಕಣೇ, ನೆಮ್ಮದಿಯಾಗಿ ಮಲಗ್ತೀನಿ," ಎಂದ. ಹಾಗೆಂದವನೇ ಮಲಗಿಯೂ ಬಿಟ್ಟ.

ಅವಳಿಗೆ ನಿದ್ದೆ ಹತ್ತಲಿಲ್ಲ. ಕಡಿಮೆ ಬಂದಿದ್ದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಆ ನಿಯಮವನ್ನು ಬರೆದವಳೇ ಅವಳು. ಜಾಸ್ತಿ ಬಂದರೆ ಏನು ಮಾಡಬೇಕೆಂದು ಅವಳು ಬರೆದಿರಲಿಲ್ಲ. ಅಂಥದ್ದೊಂದು ಆಗಬಹುದು ಎಂದು ತನಗೆ ಹೊಳೆಯಲೇ ಇಲ್ಲವಲ್ಲ ಎಂಬುದೇ ಅವಳನ್ನು ಚುಚ್ಚತೊಡಗಿತು. ಕೆಟ್ಟದ್ದನ್ನೆಲ್ಲ ಮುಂಚೆಯೇ ಊಹಿಸಿಟ್ಟುಕೊಳ್ಳುವುದು ಅವಳ ಹುಟ್ಟುಗುಣ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸ್ಸು ಬರುವವಳು ಅವಳು. ಈ ಕೆಲಸ ಸಿಕ್ಕಿದ ದಿನ ಅವಳ ಅಕ್ಕ ನಕ್ಕು, ನಿನ್ನ ದಿಗಿಲಿಗೂ ಕೊನೆಗೆ ಒಂದು ಸಂಬಳ ಅಂತ ಆಯ್ತಲ್ಲ ಎಂದಿದ್ದಳು.

ಕೆಲಸ ಇಷ್ಟು. ಬೆಟ್ಟದಲ್ಲಿ ಹುಟ್ಟಿ ಸಮುದ್ರ ಸೇರುವ ನದಿಯ ಉದ್ದಕ್ಕೂ ಅರವತ್ತಮೂರು ಕಾವಲು ನೆಲೆಗಳಿದ್ದವು. ನೆಲೆ ಎಂದರೆ ಕಟ್ಟಡವಲ್ಲ. ದಡದಲ್ಲಿ ಮನೆಯೋ ಅಂಗಡಿಯೋ ಇರುವ ಒಬ್ಬ ಮನುಷ್ಯ, ಅವನ ಕೈಗೊಂದು ವಾಕಿಟಾಕಿ, ನೀರಿನಲ್ಲಿ ನೆಟ್ಟ ಒಂದು ಅಳತೆಕಂಬ. ಅವರ ಹಿಂದೆ ಹವಾಮಾನ ಕಚೇರಿ, ಅಣೆಕಟ್ಟಿನ ಕಚೇರಿ, ಅಗ್ನಿಶಾಮಕ ದಳ, ದೊಡ್ಡಾಸ್ಪತ್ರೆ. ಈ ನಾಲ್ವರೂ ಒಂದೇ ಊರಿನಲ್ಲಿದ್ದು ಒಬ್ಬರ ಮುಖ ಒಬ್ಬರು ನೋಡದವರು. ಅಣೆಕಟ್ಟಿನವರು ಬರೆದ ಪತ್ರ ಅಗ್ನಿಶಾಮಕದವರ ಮೇಜಿಗೆ ಬಂದು ಬೀಳುವ ಹೊತ್ತಿಗೆ ನೀರು ಬಂದು, ಹೋಗಿ, ಕೆಸರೂ ಒಣಗಿರುತ್ತಿತ್ತು. ಅವರನ್ನು ಒಂದೇ ಮೇಜಿನ ಸುತ್ತ ಕೂರಿಸಲು ಅವಳಿಗೆ ಮೂರು ವರ್ಷ ಹಿಡಿದಿತ್ತು. ಕೂರಿಸಿದ್ದಳು ಕೂಡ.

ರಾತ್ರಿಯ ಹಾಜರಿ ಅವಳದೇ ಯೋಚನೆ. ಅರವತ್ತಮೂರು ಜನ ಮಾತಾಡುತ್ತ ಕೂತರೆ ಬೆಳಗಾಗುತ್ತದೆ. ಆದ್ದರಿಂದ ಯಾರೂ ಮಾತಾಡಬೇಕಾಗಿಲ್ಲ. ಹತ್ತೂವರೆಗೆ ಕಚೇರಿಯಿಂದ ಕರೆ ಹೋದಮೇಲೆ, ಮೇಲಿನ ನೆಲೆಯಿಂದ ಶುರುವಾಗಿ, ತಲಾ ಎರಡು ಸೆಕೆಂಡಿಗೆ ಒಬ್ಬರಂತೆ ಗುಂಡಿ ಒತ್ತಬೇಕು. ಟಿಕ್ ಎಂದರೆ ನಾನಿದ್ದೇನೆ, ನೀರು ತನ್ನ ಪಾಡಿಗಿದೆ. ಎರಡು ನಿಮಿಷದಲ್ಲಿ ಇಡೀ ನದಿ ಮೈ ಮುಟ್ಟಿ ನೋಡಿಕೊಂಡಂತೆ. ಯಾರ ಸರದಿಯಲ್ಲಾದರೂ ಸದ್ದು ಬರಲಿಲ್ಲವೆಂದರೆ ಆ ಮೌನವೇ ಎಚ್ಚರಿಕೆ. ಅಕ್ಕಪಕ್ಕದ ನೆಲೆಯವರಿಬ್ಬರೂ ತಕ್ಷಣ ಹೊರಟು ಹೋಗಿ ನೋಡಬೇಕು. ನೆಲೆಗಳವರು ಅವಳಿಗೆ ಎಣಿಕೆ ಮೇಡಂ ಎಂದು ಹೆಸರಿಟ್ಟಿದ್ದರು. ಎದುರಿಗೂ ಹಾಗೆಯೇ ಕರೆಯುತ್ತಿದ್ದರು.

ಮುಂದಿನ ವಾರ ಗುರುವಾರ ದೇಶದ ಹದಿಮೂರು ನದಿಗಳ ಪ್ರತಿನಿಧಿಗಳ ಸಭೆ ಇತ್ತು. ಹದಿಮೂರನ್ನೂ ಸೇರಿಸಿ ಒಂದೇ ಜಾಲ ಮಾಡುವುದು, ಎಲ್ಲ ಕಡೆಯೂ ಇದೇ ಹಾಜರಿಯನ್ನು ತರುವುದು ಎಂಬುದು ಆ ದಿನದ ತೀರ್ಮಾನ. ಅದಕ್ಕೆಂದು ಅಚ್ಚಾದ ಪುಸ್ತಿಕೆಯ ಮೊದಲ ಪುಟದಲ್ಲಿ ಅವಳೇ ತೂಗಿ ನೋಡಿ ಬರೆದ ಸಾಲಿತ್ತು: ನಾನೂರ ಹನ್ನೆರಡು ರಾತ್ರಿಗಳಲ್ಲಿ ಒಂದು ನೆಲೆಯೂ ಮೌನವಾಗಿಲ್ಲ.

ಹೊಸಬನೊಬ್ಬ ನುಸುಳಿದ್ದರೆ, ಇಲ್ಲವೇ ಯಂತ್ರ ಕೆಟ್ಟಿದ್ದರೆ ಸರಿಪಡಿಸಬಹುದು. ಇವೆರಡೂ ಅಲ್ಲದಿದ್ದರೆ ಇದ್ದವರಲ್ಲೇ ಯಾರೋ ಎರಡು ಸಲ ಒತ್ತಿದ್ದಾರೆ; ಹಾಗಾದರೆ ಆ ಸಾಲು ಸುಳ್ಳಾಗಬಹುದು. ಬೆಳಗಿನ ಜಾವದವರೆಗೆ ಅವಳು ಅದನ್ನೇ ಮಗುಚಿ ಹಾಕುತ್ತಿದ್ದಳು.

ಬೆಳಿಗ್ಗೆ ಕಚೇರಿಗೆ ಹೋದವಳೇ ತಂತಿಯಣ್ಣನನ್ನು ಹಿಡಿದಳು. ಕಚೇರಿ ಇದ್ದದ್ದು ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಎರಡನೆಯ ಮಹಡಿಯಲ್ಲಿ. ತಂತಿಗಳೆಲ್ಲ ಕಿತ್ತುಹೋಗಿ ಗೋಡೆಯ ತುಂಬ ತೂತುಗಳು ಮಾತ್ರ ಉಳಿದಿದ್ದವು. ತಂತಿಯಣ್ಣನೂ ಆ ಕಟ್ಟಡದ ಜೊತೆಗೇ ಬಂದವನು. ಈಗ ತಂತಿಯೇ ಇಲ್ಲದ ಕೆಲಸ ಮಾಡುತ್ತಿದ್ದರೂ ಹೆಸರು ಹೋಗಿರಲಿಲ್ಲ. ಬೆಟ್ಟಕ್ಕೆ ಬಡಿದು ವಾಪಸ್ಸು ಬಂದ ಸದ್ದು ಇರಬೇಕು ಮೇಡಂ ಎಂದ. ಅವಳು ಒಪ್ಪಲಿಲ್ಲ. ಬೆಟ್ಟ ನಾನೂರು ರಾತ್ರಿ ಸುಮ್ಮನಿದ್ದು ನಿನ್ನೆಯೇ ಯಾಕೆ ಬಾಯಿ ಬಿಟ್ಟಿತು ಎಂದು ಕೇಳಿದಳು. ಅವನು ಕಿವಿ ಕೆರೆದುಕೊಂಡು, ದಾಖಲೆ ಇದೆ, ಕೇಳ್ತೀರಾ ಎಂದ.

ಪ್ರತಿ ರಾತ್ರಿಯ ಹಾಜರಿಯನ್ನೂ ಕಂಪ್ಯೂಟರು ತನ್ನಷ್ಟಕ್ಕೆ ಹಿಡಿದಿಡುತ್ತಿತ್ತು. ಅಲ್ಲಿಯವರೆಗೆ ಯಾರೂ ಅದನ್ನು ತೆರೆದು ಕೇಳಿರಲಿಲ್ಲ. ಎಣಿಕೆ ಸರಿಯಿದ್ದಮೇಲೆ ಕೇಳುವುದೇನು. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂರು ದಿನ ಕೂತಳು, ನಲವತ್ತು ರಾತ್ರಿಗಳನ್ನು ಕೇಳಿದಳು. ಎರಡನೆಯ ದಿನಕ್ಕೆ ಅವಳಿಗೊಂದು ಸಂಗತಿ ತಿಳಿಯಿತು: ಎಲ್ಲ ಟಿಕ್‌ಗಳೂ ಒಂದೇ ಅಲ್ಲ. ಸವೆದ ಗುಂಡಿ ಟಪ್ ಅನ್ನುತ್ತದೆ, ಹೊಸದು ಚುರುಕಾಗಿ ಕಡಿಯುತ್ತದೆ. ಹನ್ನೊಂದನೆಯವರು ಒತ್ತುವಾಗ ಹಿಂದೆ ಫ್ಯಾನು ತಿರುಗುತ್ತಿರುತ್ತದೆ. ಮೂವತ್ತೆರಡನೆಯ ನೆಲೆಯ ಗುಂಡಿ ಅಂಟಂಟು. ಒತ್ತಿದ್ದು ಬಿಡುವಾಗ ಸಣ್ಣಗೆ ಎಳೆಯುತ್ತದೆ, ಟಿಕ್ಕ್ ಎಂದು.

ನಲವತ್ತರಲ್ಲಿ ಹದಿನೇಳು ರಾತ್ರಿ ಮೂವತ್ತೊಂದನೆಯದೂ ಅದೇ ರೀತಿ ಎಳೆಯುತ್ತಿತ್ತು.

ಉಳಿದ ರಾತ್ರಿಗಳಲ್ಲಿ ಮೂವತ್ತೊಂದರ ಸದ್ದು ಬೇರೆಯೇ, ಹಗುರವಾದದ್ದು. ಬುಧವಾರ, ಆ ಅರವತ್ತನಾಲ್ಕರ ರಾತ್ರಿ, ಒಂದು ಹಗುರವಾದದ್ದು ಬಂದಿತ್ತು, ಅದರ ಬೆನ್ನಿಗೇ ಎರಡು ಅಂಟಿನವು. ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಮೂವತ್ತೆರಡನೆಯವನು ಮೂವತ್ತೊಂದನೆಯವಳ ಹಾಜರಿಯನ್ನು ತಾನೇ ಹಾಕುತ್ತಿದ್ದಾನೆ. ಬುಧವಾರ ಅವಳೂ ಎಚ್ಚರವಿದ್ದು ಒತ್ತಿಬಿಟ್ಟಿದ್ದಾಳೆ.

ಕಾಲೇಜಿನಲ್ಲಿ ಗೆಳತಿಯ ಹೆಸರಿಗೆ ಎಸ್ ಸಾರ್ ಅಂತಿದ್ರಲ್ಲ, ಹಾಗೇನಾ ಎಂದು ತಂತಿಯಣ್ಣ ಕೇಳಿದ. ಹೂಂ ಎಂದಳು. ಅವನು ನಗಲು ಹೊರಟವನು ಅವಳ ಮುಖ ನೋಡಿ ನಿಲ್ಲಿಸಿದ.

ಭಾನುವಾರ ಮಧ್ಯಾಹ್ನದ ಬಸ್ಸು ಹಿಡಿದಳು. ರಾತ್ರಿಯ ಹಾಜರಿಯನ್ನು ನಡೆಸಲು ತಂತಿಯಣ್ಣನಿಗೆ ಒಪ್ಪಿಸಿದ್ದಳು. ಫೋನು ಮಾಡಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ಕೇಳಿದರೆ ಜನ ಉತ್ತರ ಕೊಡುತ್ತಾರೆ, ಹೋಗಿ ಕೂತರೆ ಬದುಕು ಕಾಣುತ್ತದೆ ಎಂಬುದು ಮೂರು ವರ್ಷದಲ್ಲಿ ಅವಳು ಕಲಿತದ್ದು.

ಮೂವತ್ತೊಂದನೆಯ ನೆಲೆ ಸೇತುವೆಯ ಪಕ್ಕದ ಒಂದು ಹೊಲಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಟೈಲರಮ್ಮ ಎಂದರೆ ಆ ಬೀದಿಗೆಲ್ಲ ಗೊತ್ತು. ಕತ್ತರಿಸುವ ಮೇಜಿನ ಮೇಲೆ ಶಾಲೆಯ ಸಮವಸ್ತ್ರದ ನೀಲಿ ಬಟ್ಟೆಯ ರಾಶಿ, ಸೀಮೆಸುಣ್ಣದ ಗೆರೆಗಳು, ಗೋಡೆಗೆ ತೋಳಿಲ್ಲದ ಅಂಗಿಗಳು. ಹೊಲಿಗೆ ಮೆಷಿನ್ನಿನ ಮೇಲಿನ ಗೂಡಿನಲ್ಲಿ, ಧೂಳು ಬೀಳದಂತೆ ಹೊಲಿದ ಪುಟ್ಟ ಚೀಲದೊಳಗೆ ವಾಕಿಟಾಕಿ. ಚೀಲಕ್ಕೆ ಒಂದು ಗುಂಡಿ ಕೂಡ. ಅರವತ್ತಮೂರರಲ್ಲಿ ಬೇರೆ ಯಾರೂ ಅದಕ್ಕೆ ಅಂಗಿ ತೊಡಿಸಿರಲಿಲ್ಲ.

ಕಂಬ ನೋಡಲು ಬಂದೆ ಎಂದಳು ಅವಳು. ಟೈಲರಮ್ಮ ಹಿಗ್ಗಿ ಹಿತ್ತಿಲ ಕಿಟಕಿಗೆ ಕರೆದೊಯ್ದಳು. ಟಾರ್ಚು ಬಿಟ್ಟು, ಅಲ್ಲಿ ಅಳತೆಕಂಬವಾಗಿದ್ದ ಸೇತುವೆಯ ಕಾಲಿನ ಮೇಲಿನ ಅಂಕಿಗಳನ್ನು ಓದಿ ತೋರಿಸಿದಳು. ದಿನಕ್ಕೆ ಐದು ಸಲ ಓದಿ ಬರೆಯುವ ನೋಟ್‌ಬುಕ್ಕು ತೆಗೆದಳು. ಒಂದು ದಿನವೂ ತಪ್ಪಿರಲಿಲ್ಲ, ಒಂದು ಅಂಕಿಯೂ ತಿದ್ದಿರಲಿಲ್ಲ. ಹೊಲಿಯುವವರಿಗೆ ಅಳತೆ ತಪ್ಪಿದರೆ ಊಟ ಸೇರುವುದಿಲ್ಲ ಮೇಡಂ ಎಂದಳು.

ಒಳಗಿನಿಂದ ಒಂದು ದನಿ ಕರೆಯುತ್ತಲೇ ಇತ್ತು. ಟೈಲರಮ್ಮನ ಅತ್ತೆ. ಮರೆವು. ಕತ್ತಲಾದರೆ ಮುದುಕಿಗೆ ಇದು ತನ್ನ ಮನೆಯಲ್ಲ ಎಂಬ ಭ್ರಮೆ ಹತ್ತುತ್ತದೆ, ಮನೆಗೆ ಹೋಗ್ತೀನಿ ಎಂದು ಹೊರಡುತ್ತಾಳೆ. ಹೊರಟರೆ ನೇರ ನೀರಿನ ಕಡೆಗೆ. ಗಂಡ ಲಾರಿ ಹತ್ತಿದರೆ ವಾರವಾದರೂ ಬರುವುದಿಲ್ಲ. ಮುದುಕಿಯ ಕೈ ಹಿಡಿದು ಕೂತು, ಮನೆಗೆ ನಾಳೆ ಹೋಗೋಣ ಅತ್ತೆ ಎಂದು ಹೇಳುತ್ತ ಹೇಳುತ್ತ ಹತ್ತು ಗಂಟೆ ದಾಟುತ್ತದೆ. ಆಮೇಲೆ ಮುದುಕಿ ಮಲಗಿದರೆ ಎರಡು ಗಂಟೆಗೆ ಮತ್ತೆ ಎದ್ದಳೆಂದೇ ಅರ್ಥ. ಈ ನಡುವೆ ಸಿಕ್ಕಿದ್ದಷ್ಟೇ ಸೊಸೆಯ ನಿದ್ದೆ. ಟೈಲರಮ್ಮ ಇದನ್ನೆಲ್ಲ ದೂರಿನಂತೆ ಹೇಳಲಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮತ್ತೆ ನನ್ನನ್ನು ಇಷ್ಟು ಹಚ್ಚಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಕ್ಕಳು.

ಅವಳು ಹಾಜರಿಯ ಮಾತೆತ್ತಲು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಒಳಗಿನ ದನಿ ಕರೆಯಿತು.

ಹತ್ತೂಕಾಲರ ಹೊತ್ತಿಗೆ ಮನೆ ಸದ್ದಡಗಿತು. ಅವಳು ಬಾಗಿಲಿಂದ ಇಣುಕಿ ನೋಡಿದಳು. ಮುದುಕಿ ಮಂಚದ ಮೇಲೆ ಬಾಯಿ ತೆರೆದು ಮಲಗಿದ್ದಳು. ಸೊಸೆ ಕೆಳಗೆ ಕೂತಲ್ಲೇ ಮಂಚದ ಅಂಚಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು, ಅವಳ ಬಲಗೈ ಮುದುಕಿಯ ಎರಡೂ ಕೈಗಳ ನಡುವೆ ಸಿಕ್ಕಿಕೊಂಡಿತ್ತು. ಬೆರಳ ತುದಿಯಲ್ಲಿ ಇನ್ನೂ ನೀಲಿ ದಾರದ ತುಂಡು.

ಅವಳು ಮುಂದಿನ ಅಂಗಡಿಗೆ ಬಂದು ಕತ್ತರಿಸುವ ಮೇಜಿನ ಪಕ್ಕ ಕೂತಳು. ದೀಪ ಉರಿಯುತ್ತಿತ್ತು. ಹತ್ತೂವರೆಗೆ ಗೂಡಿನ ಚೀಲದೊಳಗಿಂದ ತಂತಿಯಣ್ಣನ ದನಿ ಬಂತು, ಹಾಜರಿ ಶುರು ಎಂದು. ಅವಳು ಎದ್ದು ವಾಕಿಟಾಕಿಯನ್ನು ಚೀಲದಿಂದ ತೆಗೆದು ದನಿ ಸಣ್ಣ ಮಾಡಿದಳು. ಮುದುಕಿ ಎದ್ದಾಳೆಂದು. ಒಂದು, ಎರಡು, ಮೂರು.

ಅವಳ ಕೈಯಲ್ಲಿ ಒಂದು ನಿಮಿಷವಿತ್ತು. ಎಬ್ಬಿಸಬಹುದು, ಎಬ್ಬಿಸಿದರೆ ಇಬ್ಬರೂ ಏಳುತ್ತಾರೆ, ಈ ಮನೆಯ ಇವತ್ತಿನ ನಿದ್ದೆ ಮುಗಿಯುತ್ತದೆ. ಸುಮ್ಮನಿರಬಹುದು, ಸುಮ್ಮನಿರುವುದೇ ನಿಯಮ. ಆಗ ಮೂವತ್ತು ಮತ್ತು ಮೂವತ್ತೆರಡನೆಯವರು ಬಂದು ಬಾಗಿಲು ಬಡಿಯುತ್ತಾರೆ, ನಾಳೆ ಬೀದಿಯೆಲ್ಲ ಮಾತಾಗುತ್ತದೆ, ನಾಡಿದ್ದು ಯಾರೋ ಒಬ್ಬರು ಟೈಲರಮ್ಮನಿಗೆ ಇದು ಆಗದ ಕೆಲಸ, ಬೇರೆಯವರಿಗೆ ಕೊಡಿ ಎಂದು ಬರೆಯುತ್ತಾರೆ. ದಿನಕ್ಕೆ ಐದು ಸಲ ಓದಿ ಬರೆದ ಆ ನೋಟ್‌ಬುಕ್ಕು! ಹನ್ನೊಂದರ ಹಿಂದೆ ಫ್ಯಾನು ತಿರುಗಿತು. ಸುಮ್ಮನಿರು, ಅಂದುಕೊಂಡಳು. ನೀನು ಬಂದದ್ದೇ ಇದನ್ನು ನೋಡಲು. ಇಪ್ಪತ್ತು. ಇಪ್ಪತ್ತೈದು. ಮೂವತ್ತು.

ಹೆಬ್ಬೆರಳು ಒತ್ತಿತ್ತು.

ಮರುಕ್ಷಣ ಮೂವತ್ತೆರಡರ ಅಂಟಿನ ಸದ್ದು ಬಂತು, ಆಮೇಲೆ ಉಳಿದವರದು, ಒಂದಾದ ಮೇಲೊಂದು, ಸಮುದ್ರದವರೆಗೆ. ಎಲ್ಲರೂ ಇದ್ದಾರೆ, ಅರವತ್ತಮೂರು, ಮಲಗಿ ಎಂದ ತಂತಿಯಣ್ಣ. ಅವಳು ವಾಕಿಟಾಕಿಯನ್ನು ಚೀಲಕ್ಕೆ ಹಾಕಿ, ಗುಂಡಿ ಹಾಕಿ, ಗೂಡಿನಲ್ಲಿಟ್ಟಳು. ಹಿಂದೆಯೇ ಟೈಲರಮ್ಮ ಸೆರಗು ಸರಿಪಡಿಸಿಕೊಳ್ಳುತ್ತ ಗಾಬರಿಯಿಂದ ಬಂದಳು.

"ಹತ್ತೂವರೆ ಆಗೋಯ್ತಾ ಮೇಡಂ? ಒತ್ತಿದ್ನಾ ನಾನು?"

"ಹಾಜರಿ ಆಯ್ತು. ಹೋಗಿ ಮಲಗಿ," ಎಂದಳು ಅವಳು. ಅದರಲ್ಲಿ ಸುಳ್ಳು ಪದ ಒಂದೂ ಇರಲಿಲ್ಲ. ಪದಗಳನ್ನು ತೂಗಿ ಆಡುವುದರ ಲಾಭ ಇದು ಎಂದು ಅವಳಿಗೆ ಮೊದಲ ಸಲ ನಾಚಿಕೆಯಾಯಿತು.

ಬೆಳಿಗ್ಗೆ ಸೇತುವೆ ದಾಟಿ ಆಚೆ ದಡದ ಬೇಕರಿಗೆ, ಮೂವತ್ತೆರಡನೆಯ ನೆಲೆಗೆ, ಹೋದಳು. ಬೇಕರಿಯವನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬ್ರೆಡ್ಡಿನ ತಟ್ಟೆಗಳನ್ನು ಜೋಡಿಸುತ್ತಿದ್ದ. ಅವನ ವಾಕಿಟಾಕಿ ಒಲೆಯ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಗುಂಡಿಯ ಸುತ್ತ ಒಣಗಿದ ಹಿಟ್ಟಿನ ಉಂಗುರ. ಅದರ ಅಂಟಿನ ಗುಟ್ಟು ಇಷ್ಟೇ. ಅವಳು ಸುತ್ತಿಬಳಸಲಿಲ್ಲ. ಹದಿನೇಳು ರಾತ್ರಿ ಎಂದಳು.

ಅವನು ತಟ್ಟೆ ಕೆಳಗಿಟ್ಟ. ಅಲ್ಲಗಳೆಯಲಿಲ್ಲ. ತಾನು ರಾತ್ರಿಯೆಲ್ಲ ಹಿಟ್ಟು ನಾದುವವನು. ಕಿಟಕಿಯಿಂದ ಆಕೆಯ ಮನೆಯ ದೀಪ ಕಾಣುತ್ತದೆ. ದೀಪವಿದ್ದರೆ ಹೊಲಿಯುತ್ತಿದ್ದಾಳೆ, ಒತ್ತುತ್ತಾಳೆ. ಕತ್ತಲಿದ್ದರೆ ಅತ್ತೆಯ ಜೊತೆ ಮಲಗಿದ್ದಾಳೆ, ತಾನು ಒತ್ತುತ್ತೇನೆ. ಆಕೆಗೆ ಇದು ಗೊತ್ತಿಲ್ಲ. ತಾನೇ ನಿದ್ದೆಗಣ್ಣಿನಲ್ಲಿ ಒತ್ತಿದೆ ಅಂದುಕೊಂಡಿದ್ದಾಳೆ. ಬುಧವಾರ ಕತ್ತಲಲ್ಲೂ ಎದ್ದು ಒತ್ತಿಬಿಟ್ಟಳು, ಅವತ್ತು ತನ್ನ ಜೀವ ಬಾಯಿಗೆ ಬಂತು ಎಂದ. ನಿನ್ನೆ ರಾತ್ರಿ ದೀಪವಿತ್ತು, ನಾನು ಒತ್ತಲಿಲ್ಲ, ಆಣೆ ಮಾಡಿ ಹೇಳ್ತೀನಿ ಎಂದೂ ಸೇರಿಸಿದ.

ಅಂದರೆ ನಿನ್ನೆ ತಾನು ಸುಮ್ಮನಿದ್ದಿದ್ದರೆ ನಾನೂರ ಚಿಲ್ಲರೆ ರಾತ್ರಿಗಳಲ್ಲಿ ಮೊದಲ ನಿಜವಾದ ಮೌನ ಕೇಳಿಸುತ್ತಿತ್ತು. ಅದನ್ನು ಮುಚ್ಚಿದ್ದು ಅವಳ ಬೆರಳೇ. ಅವಳು ಬೇಕರಿಯ ಸ್ಟೂಲಿನ ಮೇಲೆ ಕೂತಳು.

"ಒಂದು ಕತ್ತಲ ರಾತ್ರಿ ಆಕೆ ಮಲಗಿಲ್ಲ, ಮನೆಯೇ ನೀರಲ್ಲಿದೆ ಅಂದ್ಕೊಳ್ಳಿ. ನೀವು ಒತ್ತಿರ್ತೀರಿ. ನಾವೆಲ್ಲ ನೆಮ್ಮದಿಯಾಗಿ ಮಲಗಿರ್ತೀವಿ," ಎಂದಳು.

ಅವನು ಬಹಳ ಹೊತ್ತು ಕೈಯ ಹಿಟ್ಟು ಉಜ್ಜಿಕೊಂಡ. ಅಷ್ಟು ದೂರ ಯೋಚನೆ ಮಾಡಿರಲಿಲ್ಲ ಎಂದ. ಪಾಪ, ನಿದ್ದೆಗೆಟ್ಟವಳು ಅಂತ ಅಷ್ಟೇ. ಆಮೇಲೆ ತಲೆಯೆತ್ತಿ ಅವಳನ್ನು ನೋಡಿದ.

"ಮೇಡಂ, ನಮ್ಮಿಬ್ಬರದೇ ಅಂದ್ಕೊಂಡ್ರಾ? ನಾನು ಊರಿಗೆ ಹೋದ ದಿನ ನನ್ನದನ್ನ ಯಾರು ಒತ್ತಿದ್ರು ಅಂತ ಕೇಳಲ್ವಾ?"

ಅವಳು ಕೇಳಿದಳು. ಮೂವತ್ತಮೂರು. ಮೂವತ್ತಮೂರಕ್ಕೆ ಜ್ವರ ಬಂದಾಗ ಮೂವತ್ತೈದು. ಮೇಲಿನ ನೆಲೆಗಳಲ್ಲೂ ಹಾಗೆಯೇ ಅಂತೆ. ಯಾರೂ ಯಾರಿಗೂ ಹೇಳಿ ಮಾಡಿದ್ದಲ್ಲ. ಮೂರು ವರ್ಷ ಅವಳು ಊರೂರಿಗೆ ಹೋಗಿ, ಪಕ್ಕದವರನ್ನು ನಿಮ್ಮ ಮನೆಯವರಂತೆ ನೋಡಿಕೊಳ್ಳಿ ಎಂದು ಹೇಳಿದ್ದಳಲ್ಲ, ಅವರು ನೋಡಿಕೊಂಡಿದ್ದರು.

ವಾಪಸ್ಸು ಬರುವ ಬಸ್ಸಿನಲ್ಲಿ ಅವಳು ಅಳಬಹುದೆಂದು ತಾನೇ ಅಂದುಕೊಂಡಿದ್ದಳು. ಅಳು ಬರಲಿಲ್ಲ. ಬದಲಿಗೆ ಟಿಕೆಟ್ಟಿನ ಹಿಂದೆ ಬರೆಯತೊಡಗಿದಳು. ಜಾಗ ಸಾಲದೆ ಪಕ್ಕದ ಸೀಟಿನ ಹೆಂಗಸಿನಿಂದ ಒಂದು ಹಾಳೆ ಕೇಳಿ ಪಡೆದಳು. ಜನ ಕೆಟ್ಟವರಾಗಿ ಜಾಲ ಕೆಡುತ್ತದೆ ಎಂದು ಅವಳು ನೂರು ಬಗೆಯಲ್ಲಿ ಊಹಿಸಿದ್ದಳು. ಒಳ್ಳೆಯವರಾಗಿ ಕೆಡುತ್ತದೆಂದು ಊಹಿಸಿರಲಿಲ್ಲ. ಇದು ಸರಿಪಡಿಸಲಾಗದ ಕೇಡೇನಲ್ಲ. ಇಂಥ ಜನರಿದ್ದ ಮೇಲೆ ಅರ್ಧ ಕೆಲಸ ಆಗಿಯೇ ಹೋಗಿದೆ. ಹಾಳೆ ತುಂಬುವ ಹೊತ್ತಿಗೆ ನಗರ ಬಂತು.

ನಿರ್ದೇಶಕರು ಒಳ್ಳೆಯವರೇ. ಎಲ್ಲ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. ಹದಿಮೂರು ನದಿಯವರನ್ನು ಒಂದು ಕೋಣೆಗೆ ತರುವುದರಲ್ಲಿ ಅವರ ಕೂದಲೂ ಉದುರಿತ್ತು. ಗುರುವಾರ ಸಹಿ ಆಗಿಬಿಡಲಿ, ಸೋಮವಾರದಿಂದ ಸದ್ದಿಲ್ಲದೆ ತಿದ್ದೋಣ ಎಂದರು. ಈಗ ಬಾಯಿ ಬಿಟ್ಟರೆ ಸಮುದ್ರ ತೀರದವರು ಎದ್ದು ಹೋಗುತ್ತಾರೆ, ಅವರು ಹೋದರೆ ಉಳಿದವರೂ ಹೋಗುತ್ತಾರೆ, ಇನ್ನು ಐದು ವರ್ಷ ಪ್ರತಿಯೊಂದು ನದಿಯೂ ತನ್ನ ಪಾಡಿಗೆ ತಾನೇ ಮುಳುಗುತ್ತದೆ. ಆ ಮಾತು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು.

"ಹಾಜರಿ ಸುಳ್ಳು ಅಂತ ಗೊತ್ತಿದ್ದೂ ಅದನ್ನೇ ಹದಿಮೂರು ಕಡೆ ಹಂಚಿದ್ರೆ, ನಾವೂ ಅವರ ಪರವಾಗಿ ಗುಂಡಿ ಒತ್ತಿದ ಹಾಗೇ ಆಗುತ್ತೆ ಸರ್," ಎಂದಳು. "ನಾನು ಹೇಳ್ತೀನಿ. ಎದ್ದು ಹೋಗೋದಿಲ್ಲ ಅವರು."

ಇಷ್ಟು ಗಟ್ಟಿಯಾಗಿ ಮಾತಾಡುವ ಮೇಡಂ ಇವರೇನಾ ಎಂಬಂತೆ ಅವರು ನೋಡಿದರು. ಅವಳಿಗೂ ತನ್ನ ದನಿ ಹೊಸದಾಗಿ ಕೇಳಿಸಿತು.

ಗುರುವಾರ, ಪುಸ್ತಿಕೆಯ ಮೊದಲ ಪುಟ ತೆರೆಯಿರಿ ಎಂದು ಹೇಳಿ ಅವಳು ಶುರು ಮಾಡಿದಳು. ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ ಎಂದಳು. ಸುಮಾರು ಎಪ್ಪತ್ತು ಜನ. ಯಾರೂ ಪೆನ್ನು ತೆಗೆಯಲಿಲ್ಲ. ಅವಳೇ ತನ್ನ ಪ್ರತಿಯನ್ನು ಎತ್ತಿ ಹಿಡಿದು ಗೀಟು ಎಳೆದಳು. ಆಮೇಲೆ ನಡೆದದ್ದನ್ನು ಹೇಳಿದಳು, ಹೆಸರು, ನೆಲೆಯ ಸಂಖ್ಯೆ ಯಾವುದನ್ನೂ ಹೇಳದೆ. ಈ ತನಕದ ಒಂದು ರಾತ್ರಿಯ ಎಣಿಕೆಯನ್ನೂ ನಂಬಬೇಡಿ, ಒಂದನ್ನೂ, ಮೊನ್ನೆ ಮೊನ್ನೆಯದನ್ನೂ ಎಂದಳು.

ಇನ್ನು ಮುಂದೆ ಗುಂಡಿಯ ಸದ್ದು ಸಾಲದು. ಪ್ರತಿಯೊಬ್ಬರೂ ಆ ಹೊತ್ತಿಗೆ ತಮ್ಮ ಕಂಬದ ಮೇಲೆ ಕಾಣುವ ಅಂಕಿಯನ್ನು ಬಾಯಿಬಿಟ್ಟು ಹೇಳಬೇಕು; ಪಕ್ಕದವರ ಕಂಬದ ಅಂಕಿ ತಮ್ಮ ಮನೆಯಲ್ಲಿ ಕೂತರೆ ಕಾಣುವುದಿಲ್ಲ. ಎರಡು ನಿಮಿಷದ ಹಾಜರಿ ಏಳು ನಿಮಿಷವಾಗುತ್ತದೆ, ಆಗಲಿ. ಪ್ರತಿ ನೆಲೆಗೂ ಇಬ್ಬರು, ವಾರಕ್ಕೊಬ್ಬರಂತೆ. ಇಷ್ಟಾದರೂ ಒಬ್ಬರಿಗೆ ನಿದ್ದೆ ಹತ್ತಿದರೆ, ಪಕ್ಕದವರು ಮಲಗಿದ್ದಾರೆ ಎಂದೇ ಹೇಳಬಹುದು. ಅದು ದೂರಲ್ಲ, ಹಾಜರಿಯ ಒಂದು ಉತ್ತರ. ಹೇಳಿದವರು ಎದ್ದು ಹೋಗಿ, ಬಾಗಿಲು ಬಡಿಯದೆ, ಕಿಟಕಿಯಿಂದ ನೋಡಿ ಬರಬೇಕು. ಕಂಬದ ಅಂಕಿಯನ್ನೂ ಅವರೇ ಓದಬೇಕು. ಮಲಗಿದ್ದಕ್ಕೆ ಯಾರ ನೆಲೆಯನ್ನೂ ಕಿತ್ತುಕೊಳ್ಳಬಾರದು.

ಅವಳು ಕೂತಮೇಲೆ ಯಾರೋ ನೀರಿನ ಲೋಟ ಮೇಜಿಗಿಟ್ಟರು. ನಿರ್ದೇಶಕರು ಕನ್ನಡಕ ಒರೆಸುತ್ತಿದ್ದರು. ಸಮುದ್ರ ತೀರದ ಪ್ರತಿನಿಧಿ, ನಿವೃತ್ತ ಅಗ್ನಿಶಾಮಕ ಅಧಿಕಾರಿ, ಕಂಬದಂಥ ಆಳು, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಎದ್ದುಹೋಗುತ್ತಾನೆ ಎಂದುಕೊಂಡರು ಎಲ್ಲರೂ. ಅವನು ಪೆನ್ನು ಯಾರ ಹತ್ತಿರ ಇದೆ ಎಂದು ಕೇಳಿ, ನಿಂತುಕೊಂಡೇ ಆ ಸಾಲಿಗೆ ಗೀಟು ಹಾಕಿದ. ಆಮೇಲೆ ಹೇಳಿದ: ತನ್ನ ಕಡೆಯ ಕಾವಲುಗಾರರ ಹಾಜರಿ ಪುಸ್ತಕದಲ್ಲಿ ಹದಿನೆಂಟು ತಿಂಗಳಿಂದ ಒಬ್ಬರೂ ಗೈರಾಗಿಲ್ಲ, ತನಗೆ ಅದೇ ಹೆದರಿಕೆಯಾಗಿತ್ತು, ಬಾಯಿಬಿಡಲು ನಾಚಿಕೆ. ಇಂಥದ್ದನ್ನು ಮೊದಲ ದಿನವೇ ಒಪ್ಪಿಕೊಳ್ಳುವವರ ಜೊತೆಗಾದರೆ ತಾನು ಸೇರುತ್ತೇನೆ. ಮೇಲ್ಕಣಿವೆಯವರು, ನಿದ್ದೆಯ ಉತ್ತರ ನಮಗೂ ಬೇಕು ಎಂದರು. ಮಧ್ಯಾಹ್ನದ ಊಟಕ್ಕೆ ಮುಂಚೆ ಹದಿಮೂರೂ ಸಹಿಯಾಯಿತು. ಯಾವ ನೆಲೆಯಲ್ಲಿ ನಡೆದದ್ದು ಎಂದು ಇಬ್ಬರು ಮೂವರು ಅವಳನ್ನು ಬದಿಗೆ ಕರೆದು ಕೇಳಿದರು. ತಪ್ಪು ನಿಯಮದ್ದು, ನಿಯಮ ನನ್ನದು ಎಂದಷ್ಟೇ ಹೇಳಿದಳು.

ಹೊಸ ಹಾಜರಿ ಶುರುವಾಗಿ ಆರು ದಿನಕ್ಕೆ ಟೈಲರಮ್ಮನ ಫೋನು ಬಂತು. ಪಕ್ಕದ ಬೀದಿಯ ಲೈನ್‌ಮನ್ನಿನ ಹೆಂಡತಿ ತನ್ನ ಜೊತೆಗಾತಿಯಾಗಿದ್ದಾಳೆ, ಈ ವಾರ ರಾತ್ರಿ ತಾನು ಹಾಯಾಗಿ ಮಲಗಿದೆ ಎಂದಳು. ಬೇಕರಿಯವನು ಬಂದು ತಪ್ಪೊಪ್ಪಿಕೊಂಡು ಒಂದು ಬ್ರೆಡ್ಡು ಕೊಟ್ಟು ಹೋದನಂತೆ. ಬೈದೆ, ಬ್ರೆಡ್ಡು ಇಟ್ಟುಕೊಂಡೆ ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿದಳು.

"ಒಂದೇ ಒಂದು ಬಗೆಹರೀತಿಲ್ಲ ಅಕ್ಕಾ. ನೀವು ಬಂದಿದ್ದ ರಾತ್ರಿ ನಾನು ಒತ್ತಿಲ್ಲ, ನನ್ನ ಕೈ ಅತ್ತೆ ಹತ್ರ ಇತ್ತು. ಅವನೂ ಒತ್ತಿಲ್ಲ ಅಂತಾನೆ, ದೀಪ ಇತ್ತಂತೆ. ಸುಳ್ಳು ಹೇಳ್ತಾನೆ ಅಂತ ನಾನು, ನಿದ್ದೆಗಣ್ಣಲ್ಲಿ ನೀನೇ ಒತ್ತಿದೀಯ ಅಂತ ಅವನು. ಎರಡು ದಿನದಿಂದ ಮಾತು ಬಿಟ್ಟಿದೀವಿ. ನೀವು ಅಲ್ಲೇ ಕೂತಿದ್ರಲ್ಲ, ನೀವಂತೂ ಒತ್ತೋರಲ್ಲ, ನಿಯಮ ಮಾಡಿದವರು. ಯಾರು ಅಂತ ನೋಡಿದ್ರಾ?"

ಅವಳು ಫೋನು ಹಿಡಿದು ಕಿಟಕಿಯ ಹತ್ತಿರ ಹೋದಳು. ಒಂದು ಮಾತು ಹೇಳಿದರೆ ಅಲ್ಲಿ ಇಬ್ಬರ ಜಗಳ ತೀರುತ್ತದೆ. ನಾಳೆ ಬೆಳಿಗ್ಗೆ ಆ ಮಾತು ಬ್ರೆಡ್ಡಿನ ಜೊತೆ ನದಿಯ ಉದ್ದಕ್ಕೂ ಹೋಗುತ್ತದೆ, ವಾರದಲ್ಲಿ ಹದಿಮೂರು ನದಿಗೂ: ಎಣಿಕೆ ಮೇಡಮ್ಮೇ ಒತ್ತಿದ್ದಾರಂತೆ. ಆರು ದಿನದ ನಿಯಮ ಅದು, ಇನ್ನೂ ಹಸಿ. ನಿದ್ದೆಗಣ್ಣಿನ ಯಾರೋ ಒಬ್ಬರು, ಅವರೇ ಒತ್ತಿದ ಮೇಲೆ ನಾನೊಂದು ಸಲ ಒತ್ತಿದರೇನು ಎನ್ನುತ್ತಾರೆ, ಆ ಒಂದು ಸಲವೇ ನೀರು ಬಂದಿರುತ್ತದೆ. ನಾಚಿಕೆಯೂ ಇತ್ತು, ಇಲ್ಲವೆಂದು ತನಗೆ ತಾನು ಹೇಳಿಕೊಳ್ಳಲಿಲ್ಲ. ಆದರೆ ನಾಚಿಕೆಯೊಂದೇ ಆಗಿದ್ದರೆ ಹೇಳಿಬಿಡುತ್ತಿದ್ದಳು.

"ಅವನೂ ಅಲ್ಲ, ನೀವೂ ಅಲ್ಲ. ಇಬ್ಬರೂ ನಿಜಾನೇ ಹೇಳ್ತಿದೀರಿ," ಎಂದಳು. "ಆ ರಾತ್ರಿ ಲೆಕ್ಕಕ್ಕೇ ಇಲ್ಲ. ಇವತ್ತು ಹೋಗಿ ಅವನ ಹತ್ರ ಮಾತಾಡಿ."

ಟೈಲರಮ್ಮ, ಆಯ್ತು ಅಕ್ಕ ಎಂದಳು. ಅವಳು ಫೋನಿಟ್ಟಳು. ಒಳಗಿನಿಂದ ಗಂಡ ಯಾರದು, ಏನಂತೆ ಎಂದು ಕೇಳಿದ. ಟೈಲರಮ್ಮ, ನಿದ್ದೆ ಬರ್ತಿದೆಯಂತೆ ಎಂದಳು. ಅವನಿಗೂ ಹೇಳುವುದು ಬೇಡ, ಅಕ್ಕನಿಗೂ ಬೇಡ, ಯಾರಿಗೂ ಬೇಡವೆಂದು ಗಟ್ಟಿ ಮಾಡಿಕೊಂಡು, ಮಾರನೆಯ ದಿನ ಸಮುದ್ರ ತೀರದವರಿಗೆ ಹೊಸ ಹಾಜರಿ ಕಲಿಸಲು ಹೊರಡಬೇಕಿದ್ದ ಬಸ್ಸು ಎಷ್ಟು ಗಂಟೆಗೆ ಎಂದು ಅವನನ್ನು ಕೇಳಿದಳು.